ಹಳೆಯ ಉಪ್ಪರಿಗೆ ಮನೆ ಕೊಳ್ಳುವ ಮೊದಲು: ಕಾಸರಗೋಡು ಪೇಟೆಯ ಒಂದು ಮಲಗುವ ಕೋಣೆಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಪೇಟೆಯ ಹಳೆಯ ಭಾಗಗಳಲ್ಲಿ, ಅಂದರೆ ಕೋಟೆಕಣಿ, ನೆಲ್ಲಿಕುಂಜೆ, ತಳಂಗರೆಯ ಆಸುಪಾಸಿನಲ್ಲಿ, ಮುರಕಲ್ಲಿನ (ಜಂಬಿಟ್ಟಿಗೆಯ) ದಪ್ಪ ಗೋಡೆಯೂ ಮಂಗಳೂರು ಹಂಚಿನ ಮಾಡೂ ಇರುವ ಎರಡಂತಸ್ತಿನ ಕಟ್ಟಡಗಳು ಇನ್ನೂ ಉಳಿದುಕೊಂಡಿವೆ. ಹಿರಿಯರು ತೀರಿಕೊಂಡು ಮಕ್ಕಳು ಪಾಲು ಮಾಡಿಕೊಳ್ಳುವಾಗ ಕೆಳಗಿನ ಭಾಗ ಒಬ್ಬರಿಗೆ, ಮೇಲಿನದು ಇನ್ನೊಬ್ಬರಿಗೆ ಬರುತ್ತದೆ. ಮೇಲಿನ ಪಾಲು ಸಿಕ್ಕಿದವರು ಮಂಗಳೂರಿನಲ್ಲೋ ಗಲ್ಫಿನಲ್ಲೋ ನೆಲೆಸಿದ್ದರೆ ಅದು ಒಂದು ಮಲಗುವ ಕೋಣೆ, ಒಂದು ಚಾವಡಿ, ಸಣ್ಣ ಅಡುಗೆಮನೆ ಇರುವ ಪ್ರತ್ಯೇಕ ಮನೆಯಾಗಿ ಮಾರಾಟಕ್ಕೆ ಬರುತ್ತದೆ. ನಿವೃತ್ತ ದಂಪತಿಗಳಿಗೆ, ಒಬ್ಬರೇ ಇರುವ ಅಧ್ಯಾಪಕರಿಗೆ, ಬ್ಯಾಂಕು ನೌಕರರಿಗೆ ಇದಕ್ಕಿಂತ ಹಿತವಾದ ವಾಸಸ್ಥಳ ಪೇಟೆಯೊಳಗೆ ಸಿಗುವುದು ಕಷ್ಟ. ಕಾವಿಯ ನೆಲದ ತಂಪು, ಮರದ ಮುಚ್ಚಿಗೆ, ಬಣ್ಣದ ಗಾಜಿನ ಗವಾಕ್ಷಿ, ಸಂಜೆ ಪಡುಗಾಳಿ ಬರುವ ಕಿಟಿಕಿ ಇವೆಲ್ಲ ಹೊಸ ಫ್ಲ್ಯಾಟುಗಳಲ್ಲಿ ಹಣ ಕೊಟ್ಟರೂ ದೊರೆಯುವುದಿಲ್ಲ.

ಆದರೆ ಕಣ್ಣಿಗೆ ಕಾಣುವ ಈ ಚೆಲುವು ನಿಮ್ಮದಾಗಬೇಕಾದರೆ ಕಣ್ಣಿಗೆ ಬೀಳದ ನಾಲ್ಕು ವಿಷಯಗಳು ಕಾಗದದಲ್ಲಿ ನಿಮ್ಮವಾಗಿರಬೇಕು: ಕೆಳಗಿನ ನೆಲದಲ್ಲಿ ಪಾಲು, ಹತ್ತುವ ಮೆಟ್ಟಿಲು, ಮೇಲಿನ ಮಾಡು, ಅಂಗಳದ ಬಾವಿ. ಈ ಬರಹದ ಬಹುಭಾಗ ಆ ನಾಲ್ಕನ್ನು ಖಚಿತಪಡಿಸಿಕೊಳ್ಳುವ ಬಗೆಯನ್ನು ಕುರಿತದ್ದು.

ಮೊದಲ ಹಂತ: ಮಾರುತ್ತಿರುವುದು ಏನು ಎಂದು ತಿಳಿಯುವುದು

ದಲ್ಲಾಳಿ ತೋರಿಸುವುದು ಕೋಣೆಗಳನ್ನು. ನೀವು ಕೇಳಬೇಕಾದದ್ದು ಬೇರೆ: ಈ ಮನೆಯ ಜೊತೆಗೆ ಎಷ್ಟು ಸೆಂಟ್ ಜಾಗ ನನ್ನ ಹೆಸರಿಗೆ ಬರುತ್ತದೆ? ಉಪ್ಪರಿಗೆಯನ್ನು ಮಾತ್ರ ಕೊಂಡು ನೆಲದಲ್ಲಿ ಅವಿಭಾಜ್ಯ ಪಾಲು, ಅಂದರೆ ಗಡಿ ಹಾಕಿ ಬೇರ್ಪಡಿಸದ ಪಾಲು, ಪಡೆಯದಿದ್ದರೆ, ನಾಳೆ ಆ ಕಟ್ಟಡ ಬಿದ್ದುಹೋದ ದಿನ ನಿಮ್ಮ ಕೈಯಲ್ಲಿ ಉಳಿಯುವಂಥದ್ದು ಏನೂ ಇರುವುದಿಲ್ಲ. ಹೊಸ ಫ್ಲ್ಯಾಟುಗಳಲ್ಲಿ ನೆಲದ ಪಾಲನ್ನು ಬಿಲ್ಡರನೇ ಲೆಕ್ಕ ಹಾಕಿ ಆಧಾರದಲ್ಲಿ, ಅಂದರೆ ನೋಂದಣಿಯಾಗುವ ಆಸ್ತಿಪತ್ರದಲ್ಲಿ, ಬರೆಸಿರುತ್ತಾನೆ. 1983ರ ಕೇರಳ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ಇರುವುದೂ ಪ್ರತಿ ಮನೆಗೆ ಸಾಮೂಹಿಕ ಭಾಗಗಳಲ್ಲಿ ಇಂತಿಷ್ಟು ಪಾಲು ಎಂದು ಗೊತ್ತುಪಡಿಸುವುದಕ್ಕಾಗಿಯೇ. ಹಳೆಯ ಮನೆಗಳನ್ನು ಪಾಲು ಮಾಡಿದವರಾದರೋ ಅಣ್ಣತಮ್ಮಂದಿರು. ಅವರು ಒಬ್ಬರನ್ನೊಬ್ಬರು ನಂಬಿ, ಅನೇಕ ವಿಷಯಗಳನ್ನು ಬರೆಯದೆ ಬಿಟ್ಟಿರುತ್ತಾರೆ. ಕೊಳ್ಳುವ ನೀವು ಆ ನಂಬಿಕೆಯ ಪಾಲುದಾರರಲ್ಲ.

ಲೆಕ್ಕ ಸರಳ. ಒಂದು ಸೆಂಟ್ ಎಂದರೆ 435.6 ಚದರಡಿ. ಕಟ್ಟಡ ನಿಂತ ಜಾಗ 6 ಸೆಂಟ್ ಆಗಿದ್ದು ಉಪ್ಪರಿಗೆಗೆ ಅರ್ಧ ಪಾಲು ಬರುವುದಾದರೆ ನಿಮಗೆ 3 ಸೆಂಟ್, ಅಂದರೆ ಸುಮಾರು 1,307 ಚದರಡಿ ನೆಲದ ಅವಿಭಾಜ್ಯ ಹಕ್ಕು ಬರುತ್ತದೆ. ಬೆಲೆಯ ಮಾತು ಆರಂಭವಾಗಬೇಕಾದದ್ದು ಈ ಅಂಕಿಯಿಂದ.

ಮನೆಯ ವಿಸ್ತೀರ್ಣವನ್ನು ಸಹ ನೀವೇ ಟೇಪು ಹಿಡಿದು, ಗೋಡೆಯ ಒಳಮೈಯಿಂದ ಒಳಮೈಗೆ ಅಳೆಯಿರಿ. ಮುರಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪವಿದ್ದರೆ, ಹೊರಗಿನಿಂದ 30 ಅಡಿಗೆ 20 ಅಡಿ, ಅಂದರೆ 600 ಚದರಡಿ ಎಂದು ಹೇಳುವ ಮನೆಯ ಒಳಗೆ ಉಳಿಯುವುದು 27ಕ್ಕೆ 17 ಅಡಿ, 459 ಚದರಡಿ. ಒಳಗೋಡೆಗಳನ್ನು ಕಳೆದರೆ ಇನ್ನೂ ಕಡಿಮೆ. ದಪ್ಪ ಗೋಡೆ ಬೇಸಿಗೆಯಲ್ಲಿ ನಿಮಗೆ ತಂಪು ಕೊಡುತ್ತದೆ ಎಂಬುದು ನಿಜ, ಆದರೆ ಚದರಡಿ ಲೆಕ್ಕದಲ್ಲಿ ಹಣ ಕೊಡುವಾಗ ಗೋಡೆಯೊಳಗಿನ ಕಲ್ಲಿಗೂ ಕೊಡುತ್ತಿದ್ದೇವೆಯೇ ಎಂದು ತಿಳಿದು ಕೊಡಬೇಕು.

ಎರಡನೆಯ ಹಂತ: ಮನೆಯನ್ನು ಎರಡು ಸಲ ನೋಡುವುದು

ಒಮ್ಮೆ ಏಪ್ರಿಲ್ ಅಥವಾ ಮೇ ತಿಂಗಳ ಬಿರುಬಿಸಿಲಿನಲ್ಲಿ, ಇನ್ನೊಮ್ಮೆ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆಯಲ್ಲಿ ನೋಡಬೇಕು. ಬೇಸಿಗೆಯಲ್ಲಿ ಬಾವಿಯ ನೀರು ಗೊತ್ತಾಗುತ್ತದೆ, ಮಳೆಗಾಲದಲ್ಲಿ ಮಾಡು ಗೊತ್ತಾಗುತ್ತದೆ. ಆಟಿಯವರೆಗೆ ಕಾಯಲು ಮಾರುವವರು ಒಪ್ಪದಿದ್ದರೆ ಕನಿಷ್ಠ ಒಂದು ಜೋರು ಮಳೆಯ ಮರುದಿನ ಹೋಗಿ ನೋಡಿ. ಹೊಸದಾಗಿ ಸುಣ್ಣ, ಬಣ್ಣ ಬಳಿದ ಗೋಡೆಯನ್ನು ಕಂಡು ಸಮಾಧಾನಪಡಬೇಡಿ. ಕಲೆಗಳನ್ನು ಮುಚ್ಚುವುದಕ್ಕೆ ಬಣ್ಣದಷ್ಟು ಅಗ್ಗದ ಉಪಾಯ ಬೇರೊಂದಿಲ್ಲ.

ಮಾಡನ್ನು ಅಟ್ಟದೊಳಗಿನಿಂದ ನೋಡಬೇಕು. ಹಗಲು ಹೊತ್ತಿನಲ್ಲಿ ದೀಪ ಆರಿಸಿ ನಿಂತರೆ ಹಂಚುಗಳ ನಡುವೆ ಎಲ್ಲೆಲ್ಲಿ ಬೆಳಕು ತೂರಿ ಬರುತ್ತದೆ ಎಂಬುದು ತಾನಾಗಿಯೇ ಕಾಣುತ್ತದೆ. ಒಡೆದ ಹಂಚು ದೊಡ್ಡ ಸಮಸ್ಯೆಯಲ್ಲ, ಅದನ್ನು ಬದಲಿಸಬಹುದು. ಹಂಚನ್ನು ಹೊತ್ತ ರೀಪು, ರೀಪನ್ನು ಹೊತ್ತ ಪಕ್ಕಾಸು ಇವುಗಳ ಸ್ಥಿತಿಯೇ ಮುಖ್ಯ. ಪಕ್ಕಾಸಿನ ತುದಿ ಗೋಡೆಯ ಮೇಲೆ ಕೂತ ಜಾಗದಲ್ಲಿ, ತೊಲೆಯ ತುದಿ ಗೋಡೆಯೊಳಗೆ ಹುಗಿದ ಜಾಗದಲ್ಲಿ ಸ್ಕ್ರೂ ಡ್ರೈವರಿನ ಮೊನೆಯಿಂದ ಒತ್ತಿ ನೋಡಿ. ಗಟ್ಟಿ ಮರ ಮೊನೆಯನ್ನು ತಡೆಯುತ್ತದೆ, ಕುಂಬಾದ ಮರದೊಳಗೆ ಅದು ಸದ್ದಿಲ್ಲದೆ ಇಳಿಯುತ್ತದೆ. ಮರದ ನಡುಭಾಗ ತೇಗದ ಹೊಳಪಿನಿಂದ ಕಂಗೊಳಿಸುತ್ತಿದ್ದು, ಗೋಡೆ ಸೇರಿದ ಅರ್ಧ ಅಡಿ ಮಾತ್ರ ಪೂರ್ತಿ ಪುಡಿಯಾಗಿರುವ ತೊಲೆಗಳನ್ನು ನಾನು ಕಂಡಿದ್ದೇನೆ. ನೀರು ಸೇರುವುದು, ಗಾಳಿ ಆಡದಿರುವುದು ಎರಡೂ ಅಲ್ಲೇ ಆಗುವುದರಿಂದ ಮರ ಮೊದಲು ಸಾಯುವುದೂ ಅಲ್ಲೇ. ಗೆದ್ದಲಿನ ಮಣ್ಣಿನ ದಾರಿ ಬಾಗಿಲ ಚೌಕಟ್ಟಾದ ದಾರಂದದ ಬದಿಯಲ್ಲಿ ಕಂಡರೆ ಅದು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಎಂದು ಕೊನೆಯವರೆಗೆ ಹಿಂಬಾಲಿಸಿ. ಎರಡು ಮಾಡುಗಳು ಕೂಡುವಲ್ಲಿ ನೀರು ಹರಿಯುವ ತಗಡಿನ ದಂಬೆ ಇದ್ದರೆ ಅದರ ಕೆಳಗಿನ ಗೋಡೆಯನ್ನು ವಿಶೇಷವಾಗಿ ಪರೀಕ್ಷಿಸಿ. ಹಳೆಯ ಮನೆಗಳು ಹೆಚ್ಚಾಗಿ ಸೋರುವುದು ಹಂಚಿನಲ್ಲಲ್ಲ, ಈ ದಂಬೆಯಲ್ಲಿ.

ಹಂಚಿನ ಹಿಂಬದಿಯಲ್ಲಿ ಅಚ್ಚೊತ್ತಿದ ಇಸವಿಯ ಬಗ್ಗೆ ಒಂದು ಮಾತು ಹೇಳಬೇಕು. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಆಲ್ಬುಕರ್ಕ್ ಕಂಪೆನಿ ಆರಂಭಿಸಿದ್ದು 1868ರಲ್ಲಿ. ಈ ಇಸವಿಗಳು ಮುಂದೆ ಎಷ್ಟೋ ದಶಕಗಳ ಕಾಲ ಅವರ ಹಂಚುಗಳ ಮೇಲೆ ಗುರುತಾಗಿ ಅಚ್ಚಾಗುತ್ತಿದ್ದವು. ಆದ್ದರಿಂದ ಹಂಚನ್ನು ತೋರಿಸಿ "ಇದು 1865ರ ಮನೆ" ಎಂದು ಯಾರಾದರೂ ಹೇಳಿದರೆ ಅದನ್ನು ಬೆಲೆಯ ಆಧಾರವಾಗಿ ಒಪ್ಪಿಕೊಳ್ಳಬೇಡಿ. ಅದು ಕಾರ್ಖಾನೆಯ ಇಸವಿಯೇ ಹೊರತು ಮನೆಯದಲ್ಲ. ಮನೆಯ ವಯಸ್ಸು ತಿಳಿಯುವುದು ಆಧಾರದಿಂದ ಮತ್ತು ನಗರಸಭೆಯ ತೆರಿಗೆ ದಾಖಲೆಯಿಂದ.

ಗೋಡೆಗೆ ಬಂದರೆ, ಮುರಕಲ್ಲು ನೀರು ಕುಡಿಯುವ ಕಲ್ಲು. ಹಿಂದಿನವರು ಅದರ ಮೇಲೆ ಸುಣ್ಣದ ಗಾರೆ ಮಾಡುತ್ತಿದ್ದರು. ಒಳಗೆ ಹೋದ ತೇವ ಆ ಗಾರೆಯ ಮೂಲಕ ಬಿಸಿಲಿಗೆ ಹೊರಗೆ ಬರುತ್ತಿತ್ತು. ಅದರ ಮೇಲೆ ಸಿಮೆಂಟಿನ ಗಾರೆ ಎಳೆದು ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು ಗಾರೆ ಉಬ್ಬಿ ಹಾಳೆಯಾಗಿ ಏಳುತ್ತದೆ. ಬೆರಳ ಗೆಣ್ಣಿನಿಂದ ಗೋಡೆಯನ್ನು ಅಲ್ಲಲ್ಲಿ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ನಮ್ಮಲ್ಲಿ ಮಳೆ ಪಡುವಣ ದಿಕ್ಕಿನಿಂದ ಹೊಡೆಯುವುದರಿಂದ ಪಡುಗೋಡೆಯನ್ನು ಎರಡು ಪಾಲು ಜಾಗ್ರತೆಯಿಂದ ನೋಡಬೇಕು.

ಮರದ ಹಲಗೆಯ ನೆಲವಾದರೆ ಕೋಣೆಯ ನಡುವೆ ನಿಂತು ಹಿಮ್ಮಡಿಯಿಂದ ಒತ್ತಿ ನೋಡಿ. ಸ್ವಲ್ಪ ಸದ್ದು ಬರುವುದು ಸಹಜ, ಆದರೆ ನೆಲ ತೂಗಾಡಬಾರದು. ಕಾವಿಯ ನೆಲದಲ್ಲಿ ಕೂದಲೆಳೆಯ ಬಿರುಕುಗಳು ಇದ್ದೇ ಇರುತ್ತವೆ, ಅದಕ್ಕೆ ಹೆದರಬೇಕಾಗಿಲ್ಲ. ನೆಲದ ಬಿರುಕು ಗೋಡೆಗೂ ಹತ್ತಿ ಮುಂದುವರಿದಿದ್ದರೆ ಮಾತ್ರ ಎಂಜಿನಿಯರರನ್ನು ಕರೆಯಬೇಕು. ವಿದ್ಯುತ್ ತಂತಿ ಮರದ ಪಟ್ಟಿಯ ಮೇಲೆ ಓಡುವ ಹಳೆಯ ಕಾಲದ್ದಾಗಿದ್ದರೆ ಪೂರ್ತಿ ಬದಲಿಸುವ ಖರ್ಚನ್ನು ಬೆಲೆಯಿಂದ ಕಳೆಯಿರಿ, ಅದರಲ್ಲಿ ರಾಜಿ ಬೇಡ.

ನೀರಿನ ವಿಷಯದಲ್ಲಿ ಬಾಯಾರೆ ರುಚಿ ನೋಡುವುದೇ ಪರೀಕ್ಷೆ. ಚಂದ್ರಗಿರಿ ಹೊಳೆಯ ಹತ್ತಿರವೂ ಕಡಲ ಬದಿಯಲ್ಲೂ ಇರುವ ಬಾವಿಗಳಲ್ಲಿ ಏಪ್ರಿಲ್ ನಡುವಿನ ವಿಷುವಿನ ಅನಂತರ ಉಪ್ಪು ಏರುವುದುಂಟು. ಕೊಡ ಬಿಟ್ಟು ನೀರು ಸೇದಿ, ಒಂದು ಗುಟುಕು ಕುಡಿದು ನೋಡಿ, ನೆರೆಮನೆಯವರನ್ನೂ ಕೇಳಿ.

ಮೂರನೆಯ ಹಂತ: ಆಧಾರವನ್ನು ಅಕ್ಷರ ಅಕ್ಷರವಾಗಿ ಓದುವುದು

ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದುದರಿಂದ ಇಲ್ಲಿನ ಹಳೆಯ ಆಸ್ತಿಗಳ ಮೂಲ ದಸ್ತಾವೇಜುಗಳು ಹೆಚ್ಚಾಗಿ ಕನ್ನಡದಲ್ಲಿವೆ, ಆಮೇಲಿನವು ಬಹಳಷ್ಟು ಮಲಯಾಳದಲ್ಲಿವೆ. ಹೀಗಾಗಿ ಒಂದೇ ಮನೆಯ ಚರಿತ್ರೆಯ ಅರ್ಧ ಭಾಗ ಒಂದು ಭಾಷೆಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಇರುತ್ತದೆ. ಹಳೆಯ ಕೈಬರಹದ ಕನ್ನಡವನ್ನು ಓದಬಲ್ಲ ನಮ್ಮ ಹಿರಿಯರಿಗೆ ಇರುವ ಅನುಕೂಲ ಈ ಊರಿಗೆ ಹೊಸದಾಗಿ ಬಂದ ಕೊಳ್ಳುವವರಿಗೆ ಇಲ್ಲ. ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು. ಈಗಿನ ಮಾರಾಟಗಾರರ ಆಧಾರ ಒಂದನ್ನೇ ನೋಡಿ ಬಿಡದೆ ಅದರ ಹಿಂದಿನ ಮುನ್ನಾಧಾರ, ಅದರ ಹಿಂದಿನದು, ಹೀಗೆ ಪಾಲುಪಟ್ಟಿಯವರೆಗೂ ಶಾಶ್ವತ ಗೇಣಿಯ ಪತ್ರವಾದ ಮೂಲಗೇಣಿ ಚೀಟಿನವರೆಗೂ ಹಿಂದಕ್ಕೆ ಹೋಗಬೇಕು.

ಹಳೆಯ ಕನ್ನಡ ದಸ್ತಾವೇಜಿನಲ್ಲಿ ಎಲ್ಲೆಗಳು ಮೂಡು, ತೆಂಕು, ಪಡು, ಬಡಗು ಎಂದು ಇರುತ್ತವೆ. ಮಲಯಾಳ ಆಧಾರದಲ್ಲಿ ಅವೇ ಕ್ರಮವಾಗಿ ಕಿಳಕ್ಕ್, ತೆಕ್ಕ್, ಪಡಿಞ್ಞಾರ್, ವಡಕ್ಕ್ ಆಗುತ್ತವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ನಾಲ್ಕು ದಿಕ್ಕಿನ ನೆರೆಯವರ ಹೆಸರು, ದಾರಿ, ಬಾವಿ ತಾಳೆಯಾಗುತ್ತವೆಯೇ ಎಂದು ನೋಡಿ. ಕೇರಳದಲ್ಲಿ 2022ರ ನವೆಂಬರ್ 1ರಂದು ಆರಂಭವಾದ ಡಿಜಿಟಲ್ ರೀಸರ್ವೆ ನಿಮ್ಮ ಗ್ರಾಮದಲ್ಲಿ ಮುಗಿದಿದ್ದರೆ ಹೊಸ ನಂಬರನ್ನೂ ಹಳೆಯ ಸರ್ವೆ ನಂಬರನ್ನೂ ಜೊತೆಯಾಗಿ ಬರೆದಿಟ್ಟುಕೊಳ್ಳಿ.

ಕನ್ನಡಿಗರು ಎಡವುವುದು ಮಲಯಾಳ ಆಧಾರದ ಕೆಲವು ಶಬ್ದಗಳಲ್ಲಿ. ಲಿಪಿ ಗೊತ್ತಿದ್ದವರೂ, ದಿನನಿತ್ಯ ಮಲಯಾಳ ಮಾತಾಡುವವರೂ ಎಡವುತ್ತಾರೆ, ಏಕೆಂದರೆ ಆ ಶಬ್ದಗಳು ನೋಡಲು ನಮ್ಮವೇ ಆಗಿರುತ್ತವೆ. ನಮ್ಮ ಕುಟುಂಬ ಒಂದು ಉಪ್ಪರಿಗೆ ಭಾಗವನ್ನು ಕೊಳ್ಳಲು ಹೊರಟಾಗ ಆಧಾರದ ಕರಡನ್ನು ಮೊದಲು ಓದಿದವನು ನಾನು. ಅದರಲ್ಲಿ 'ಕೋಣಿ' ಎಂಬ ಶಬ್ದವಿತ್ತು. ಕೆಳಗಿನ ಒಂದು ಕೋಣೆಯ ಬಗ್ಗೆ ಏನೋ ಬರೆದಿದ್ದಾರೆ, ನಮಗೆ ಸಂಬಂಧವಿಲ್ಲ ಎಂದುಕೊಂಡು ಮುಂದೆ ಹೋದೆ. ಮಲಯಾಳದಲ್ಲಿ ಕೋಣಿ ಎಂದರೆ ಮೆಟ್ಟಿಲು; ಕೋಣೆಗೆ ಅವರು ಹೇಳುವುದು ಮುರಿ ಎಂದು. ಅದೇ ಸಾಲಿನಲ್ಲಿ ಆ ಕೋಣಿಯನ್ನು ಉಪ್ಪರಿಗೆಯವರು 'ಅನುವಾದ'ದೊಂದಿಗೆ ಬಳಸಬಹುದು ಎಂದಿತ್ತು. ನಮ್ಮ ಅನುವಾದ ಭಾಷಾಂತರ, ಅವರ ಅನುವಾದ ಅಪ್ಪಣೆ. ಮರುವಾರ ಮನೆ ನೋಡಲು ಹೋದಾಗ ಕೆಳಮನೆಯ ವೃದ್ಧೆ ಬಾಗಿಲ ಬಳಿ ಕೂತಿದ್ದವರು ಪ್ರೀತಿಯಿಂದಲೇ ಹೇಳಿದರು: "ಮಗಾ, ಈ ಮೆಟ್ಟಿಲು ನಮ್ಮ ಪಾಲಿನದ್ದು. ನೀವು ಧಾರಾಳ ಹತ್ತಿ ಇಳಿಯಿರಿ, ನಾವೇನೂ ಬೇಡ ಹೇಳುವುದಿಲ್ಲ." ಆ ಮಾತು ಕೇಳಿ ಮನೆಗೆ ಬಂದು ಕರಡನ್ನು ತೆಗೆದು ಮತ್ತೆ ಓದಿದಾಗಲೇ ನಾನು ಬಿಟ್ಟುಹೋದ ಸಾಲಿನ ಅರ್ಥ ನನಗೆ ಹೊಳೆದದ್ದು. ನಾವು ಮನೆಯನ್ನು ಕೊಳ್ಳುತ್ತಿದ್ದೆವು, ಅದಕ್ಕೆ ಹತ್ತುವ ಹಕ್ಕನ್ನು ಕೊಳ್ಳುತ್ತಿರಲಿಲ್ಲ.

ಮಲಯಾಳದಲ್ಲಿ ಹಕ್ಕಿಗೆ 'ಅವಕಾಶ' ಎನ್ನುತ್ತಾರೆ. ಮೆಟ್ಟಿಲು, ದಾರಿ, ಬಾವಿ, ಕಕ್ಕಸು ಗುಂಡಿ ಇವುಗಳ ಎದುರು ನಿಮಗೆ ಕಾಣಬೇಕಾದ ಶಬ್ದ ಅವಕಾಶ, ಅನುವಾದ ಅಲ್ಲ. ಇದು ಬರೀ ಮಾತಿನ ವ್ಯತ್ಯಾಸವಲ್ಲ. ಇನ್ನೊಬ್ಬರ ಆಸ್ತಿಯನ್ನು ಬಳಸುವ ಹಕ್ಕುಗಳ ಕುರಿತ 1882ರ ಈಸ್‌ಮೆಂಟ್ ಕಾಯಿದೆಯ ಪ್ರಕಾರ ಅಪ್ಪಣೆಯಿಂದ ಬಂದ ಬಳಕೆಯನ್ನು ಸಾಮಾನ್ಯವಾಗಿ ಕೊಟ್ಟವರು ಹಿಂದಕ್ಕೆ ಪಡೆಯಬಹುದು, ಹಕ್ಕಾಗಿ ಬಂದದ್ದು ಮನೆಯ ಜೊತೆಗೇ ಮುಂದಿನವರಿಗೂ ಸಾಗುತ್ತದೆ. ನಾವು ಆಧಾರ ಬರೆಯುವವರಲ್ಲಿ ಹೇಳಿ, ಕೆಳಮನೆಯ ಒಡೆಯರನ್ನೂ ಒಪ್ಪಿಸಿ, ಮೆಟ್ಟಿಲ ಬಳಕೆಯನ್ನು ಹಕ್ಕಾಗಿ ನೋಂದಾಯಿಸಿಕೊಂಡ ಬಳಿಕವೇ ಮುಂಗಡ ಕೊಟ್ಟೆವು. ಅಷ್ಟಕ್ಕೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳು ತಡವಾದದ್ದಕ್ಕೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ.

ಇನ್ನೂ ಕೆಲವು ಶಬ್ದಗಳನ್ನು ತಿಳಿದಿರಬೇಕು. ವಳಿ ಎಂದರೆ ದಾರಿ, ಕಿಣರ್ ಎಂದರೆ ಬಾವಿ, ಪಣಯ ಎಂದರೆ ಅಡವು, ಒಸ್ಯತ್ತ್ ಎಂದರೆ ಮರಣಶಾಸನ, ಒಳಿಮುರಿ ಎಂದರೆ ಹಕ್ಕು ಬಿಟ್ಟುಕೊಟ್ಟ ಪತ್ರ. ಒಳಿಮುರಿ ಎಂದು ಕಂಡಲ್ಲಿ ಅದು ಒಳಗಿನ ಮುರಿ, ಒಳಕೋಣೆ ಎಂದು ಓದಿದವರೂ ಇದ್ದಾರೆ. ಅದು ಒಬ್ಬ ವಾರಸುದಾರ ತನ್ನ ಪಾಲನ್ನು ಬಿಟ್ಟುಕೊಟ್ಟ ಮಹತ್ವದ ದಾಖಲೆ. ಸಂಶಯ ಬಂದ ಪ್ರತಿ ಶಬ್ದವನ್ನೂ ವಕೀಲರ ಬಳಿ ಕೇಳಿ, ಅದರ ಅರ್ಥವನ್ನು ಬದಿಯಲ್ಲಿ ಕನ್ನಡದಲ್ಲೇ ಬರೆದಿಟ್ಟುಕೊಳ್ಳಿ.

ಆಧಾರದಲ್ಲಿ ಮಾಡಿನ ಬಗ್ಗೆಯೂ ಸ್ಪಷ್ಟ ಮಾತಿರಬೇಕು. ಮಾಡು ಪೂರ್ತಿಯಾಗಿ ಉಪ್ಪರಿಗೆಯವರದೋ, ಇಬ್ಬರದೋ? ದುರಸ್ತಿಯ ಖರ್ಚು ಯಾರದು? ಕೆಳಗಿನವರು ತಮ್ಮ ಗೋಡೆಯನ್ನು ಒಡೆದು ಅಂಗಡಿ ಮಾಡಲು ಹೊರಟರೆ ಮೇಲಿನ ಭಾರವನ್ನು ಹೊರುವ ಗೋಡೆಗೆ ಧಕ್ಕೆಯಾಗದಂತೆ ನೋಡಿಕೊಳ್ಳಬೇಕಾದ ಹೊಣೆ ಯಾರದು? ಇವನ್ನು ಈಗ ಬರೆಸದಿದ್ದರೆ ಮುಂದೆ ಯಾವ ಕೋರ್ಟಿನಲ್ಲಾದರೂ ಬರೆಸಬೇಕಾಗುತ್ತದೆ.

ನಾಲ್ಕನೆಯ ಹಂತ: ಸಹಿ ಮಾಡಬೇಕಾದವರು ಯಾರು ಯಾರು

ನಮ್ಮ ಊರಿನ ಹಳೆಯ ಮನೆಗಳಿಗೆ ವಾರಸುದಾರರು ಬಹಳ. ಅಳಿಯಸಂತಾನದ ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಮೂಲಕ ಸಾಗುತ್ತಿತ್ತು. 1975ರ ಕೇರಳ ಅವಿಭಕ್ತ ಹಿಂದೂ ಕುಟುಂಬ ಪದ್ಧತಿ ರದ್ದತಿ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದಾಗ ಅಂಥ ಕುಟುಂಬದ ಆಸ್ತಿಯಲ್ಲಿ ಆ ದಿನ ಸದಸ್ಯರಾಗಿದ್ದ ಪ್ರತಿಯೊಬ್ಬರಿಗೂ ಪ್ರತ್ಯೇಕ ಪಾಲು ಬಂತು. ಮನೆ ಆ ದಿನ ಪಾಲಾಗದೆ ಉಳಿದಿತ್ತಾದರೆ ಅಂದಿನ ಮಗುವೂ ಇಂದು ಪಾಲುದಾರ. ಮುಸ್ಲಿಂ ಕುಟುಂಬದ ಮನೆಯಾದರೆ ಹೆಂಡತಿಗೂ ಹೆಣ್ಣುಮಕ್ಕಳಿಗೂ ನಿಶ್ಚಿತ ಭಾಗಗಳಿವೆ. ಮಕ್ಕಳಿರುವಾಗ ಹೆಂಡತಿಯ ಪಾಲು ಎಂಟರಲ್ಲೊಂದು. ಮದುವೆಯಾಗಿ ಬೇರೆ ಊರಿಗೆ ಹೋದ ಸಹೋದರಿಯರ ಸಹಿಯನ್ನು "ಅವರೇನೂ ಕೇಳುವುದಿಲ್ಲ" ಎಂದು ಬಿಟ್ಟುಬಿಡುವ ರೂಢಿ ಎಲ್ಲ ಸಮುದಾಯಗಳಲ್ಲೂ ಇದೆ. ಅವರು ಕೇಳದಿರಬಹುದು, ಅವರ ಮಕ್ಕಳು ಕೇಳುತ್ತಾರೆ. ವಂಶವೃಕ್ಷವನ್ನು ಕಾಗದದ ಮೇಲೆ ಬರೆದು, ಪ್ರತಿ ಹೆಸರಿನ ಎದುರು ಸಹಿಯೋ ಒಳಿಮುರಿಯೋ ಮರಣ ಪ್ರಮಾಣಪತ್ರವೋ ಯಾವುದು ಇದೆ ಎಂದು ತುಂಬಿಸಿ. ಅಪ್ರಾಪ್ತ ವಯಸ್ಕರ ಪಾಲಿದ್ದರೆ ನ್ಯಾಯಾಲಯದ ಅನುಮತಿಯ ವಿಷಯವನ್ನು ವಕೀಲರಲ್ಲಿ ಮೊದಲೇ ಮಾತಾಡಿ.

ಗಲ್ಫಿನಲ್ಲಿರುವವರು ತಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಮುಕ್ತಿಯಾರು ಪತ್ರ ಕಳುಹಿಸುತ್ತಾರೆ. ವಿದೇಶದಲ್ಲಿ ಬರೆದ ಪತ್ರವಾದರೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಇರಬೇಕು, ಭಾರತಕ್ಕೆ ತಲಪಿದ ಮೂರು ತಿಂಗಳೊಳಗೆ ಇಲ್ಲಿ ಸ್ಟಾಂಪು ಹಾಕಿಸಿರಬೇಕು, ಬರೆದುಕೊಟ್ಟವರು ಇಂದಿಗೂ ಬದುಕಿರಬೇಕು. ಮುಕ್ತಿಯಾರು ಪತ್ರವನ್ನೇ ಕ್ರಯಪತ್ರದಂತೆ ಕೈಗಿತ್ತು ಹಣ ಪಡೆಯುವ ಪದ್ಧತಿಗೆ ಒಪ್ಪಬೇಡಿ. ಅಂಥ ವ್ಯವಹಾರದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಮನೆಯಲ್ಲಿ ಬಾಡಿಗೆದಾರರಿದ್ದರೆ ಖಾಲಿ ಮಾಡಿಸಿಕೊಡುವ ಹೊಣೆ ಮಾರುವವರದ್ದೇ ಆಗಬೇಕು. 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯಿದೆಯಡಿ ಹಳೆಯ ಬಾಡಿಗೆದಾರರನ್ನು ಏಳಿಸುವುದು ವರ್ಷಗಟ್ಟಲೆಯ ಕೆಲಸ.

ಐದನೆಯ ಹಂತ: ಕಚೇರಿಗಳ ದಾಖಲೆ

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಕುಡಿಕ್ಕಡ ಎಂದು ಕರೆಯುವ ಕಾಗದ, ತೆಗೆಸಿ. ನೋಂದಾಯಿತ ವ್ಯವಹಾರ ಮಾತ್ರ ಅದರಲ್ಲಿ ಕಾಣುತ್ತದೆ. ನೋಂದಾಯಿಸದ ಮರಣಶಾಸನ, ಕೋರ್ಟಿನಲ್ಲಿರುವ ದಾವೆ, ಮೂಲ ಆಧಾರವನ್ನು ಬ್ಯಾಂಕಿನಲ್ಲಿ ಒಪ್ಪಿಸಿ ಪಡೆದ ಸಾಲ ಅದರಲ್ಲಿ ಕಾಣದೆ ಹೋಗಬಹುದು. ಆದ್ದರಿಂದ ಮೂಲ ಆಧಾರವನ್ನು ಕಣ್ಣಾರೆ ನೋಡದೆ ಮುಂದುವರಿಯಬೇಡಿ. "ಕಳೆದುಹೋಗಿದೆ, ನಕಲು ಇದೆ" ಎಂಬ ಉತ್ತರ ಬಂದರೆ ಅಲ್ಲಿಗೆ ನಿಲ್ಲಿಸಿ ವಕೀಲರಲ್ಲಿಗೆ ಹೋಗಿ.

ವಿಲೇಜ್ ಆಫೀಸಿನಲ್ಲಿ ತಂಡಪೇರು, ಅಂದರೆ ಭೂತೆರಿಗೆಯ ಖಾತೆ, ಯಾರ ಹೆಸರಿನಲ್ಲಿದೆ, ಈ ವರ್ಷದ ಭೂತೆರಿಗೆ ರಸೀದಿ ಇದೆಯೇ, ಕೈವಶ ಪ್ರಮಾಣಪತ್ರ ದೊರೆಯುತ್ತದೆಯೇ ಎಂದು ನೋಡಬೇಕು. ಜಾಗ ಹಿಂದೆ ಗೇಣಿಯದ್ದಾಗಿದ್ದರೆ ಭೂಸುಧಾರಣೆಯ ಅನಂತರ ಭೂ ನ್ಯಾಯಮಂಡಳಿ ಕೊಟ್ಟ ಕ್ರಯ ಪ್ರಮಾಣಪತ್ರವನ್ನು ಕೇಳಿ. 1970ರ ಜನವರಿ 1ರಂದು ಧಣಿಗಳ ಹಕ್ಕು ಸರಕಾರಕ್ಕೆ ಸೇರಿದ ಮೇಲೆ ಒಕ್ಕಲಿನ ಒಡೆತನಕ್ಕೆ ಅದೇ ಬೇರು. ನಗರಸಭೆಯಲ್ಲಿ ಕಟ್ಟಡದ ನಂಬರು ಉಪ್ಪರಿಗೆಗೆ ಪ್ರತ್ಯೇಕವಾಗಿ ಇದೆಯೇ, ವಾಸದ ಮನೆ ಎಂದಿದೆಯೇ, ತೆರಿಗೆ ಬಾಕಿ ಇದೆಯೇ ಎಂದು ಕೇಳಬೇಕು. 2024ರ ಜನವರಿಯಿಂದ ಕೇರಳದ ನಗರಸಭೆಗಳ ಈ ಕೆಲಸಗಳು ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿರುವುದರಿಂದ ಬಹಳಷ್ಟನ್ನು ಮನೆಯಿಂದಲೇ ನೋಡಬಹುದು.

ಕಡಲು ಅಥವಾ ಚಂದ್ರಗಿರಿಯ ಬದಿಯ ಮನೆಯಾದರೆ ಕರಾವಳಿ ನಿಯಂತ್ರಣ ವಲಯದ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದನ್ನು ತಿಳಿಯುವುದು ಅಗತ್ಯ. ಈ ನಿಯಮ 1991ರಲ್ಲಿ ಬಂತು. ಅದಕ್ಕಿಂತ ಹಳೆಯ ಮನೆ ನಿಂತಿರಬಹುದು, ಆದರೆ ಅದನ್ನು ಕೆಡವಿ ಕಟ್ಟಲು ಅಥವಾ ವಿಸ್ತರಿಸಲು ಅನುಮತಿ ಸುಲಭವಾಗಿ ಸಿಗದು. ಭರತ, ಇಳಿತ ಮುಟ್ಟುವ ಹೊಳೆಯ ದಡಕ್ಕೂ ಇದು ಅನ್ವಯಿಸುತ್ತದೆ.

ಆರನೆಯ ಹಂತ: ಬೆಲೆ, ಕರಾರು, ನೋಂದಣಿ

ನೆಲದ ಪಾಲಿನ ಬೆಲೆಯನ್ನು ಆ ಬೀದಿಯ ಸೆಂಟ್ ದರದಿಂದ ಲೆಕ್ಕ ಹಾಕಿ, ಕಟ್ಟಡದ ಉಳಿದ ಬಾಳಿಕೆಗೆ ಎಂಜಿನಿಯರರು ಹೇಳಿದ ಮೌಲ್ಯ ಸೇರಿಸಿ, ದುರಸ್ತಿಯ ಅಂದಾಜನ್ನು ಕಳೆಯಿರಿ. ಉಳಿದದ್ದರ ಮೇಲೆ ಅಂದಕ್ಕಾಗಿ ಎಷ್ಟು ಹೆಚ್ಚು ಕೊಡುತ್ತೀರಿ ಎಂಬುದು ನಿಮ್ಮ ಇಷ್ಟ. ನಾನಂತೂ ಒಳ್ಳೆಯ ಮುಚ್ಚಿಗೆಗೆ ಸಂತೋಷದಿಂದ ಕೊಡುತ್ತೇನೆ. ಸಾಲ ಬೇಕಾದವರು ಬೆಲೆ ಕುದುರಿಸುವ ಮೊದಲೇ ಬ್ಯಾಂಕಿಗೆ ಹೋಗಬೇಕು, ಏಕೆಂದರೆ ಹಂಚಿನ ಮಾಡಿನ ಹಳೆಯ ಕಟ್ಟಡಕ್ಕೆ, ಅದರಲ್ಲೂ ಅವಿಭಾಜ್ಯ ಪಾಲಿಗೆ, ಸಾಲ ಕೊಡಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ.

ಕರಾರು ಪತ್ರ ಬರೆದಾಕ್ಷಣ ಮನೆ ನಿಮ್ಮದಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯಿದೆಯಂತೆ ಅದರಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟದು. ಹಕ್ಕು ಹುಟ್ಟುವುದು ನೋಂದಾಯಿತ ಕ್ರಯಪತ್ರದಿಂದ ಮಾತ್ರ. ಆದ್ದರಿಂದ ಮುಂಗಡ ಸಣ್ಣದಿರಲಿ, ಮತ್ತು ಬ್ಯಾಂಕಿನ ಮೂಲಕವೇ ಇರಲಿ. ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಶೇಕಡಾ 1ರಷ್ಟನ್ನು ತೆರಿಗೆಯಾಗಿ ಹಿಡಿದು ಕಟ್ಟಬೇಕು. ಮಾರುವವರು ಅನಿವಾಸಿ ಭಾರತೀಯರಾಗಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ತೆರಿಗೆ ಹಿಡಿಯಲೇಬೇಕು, ದರವೂ ಬಹಳ ಹೆಚ್ಚು. ನಮ್ಮ ಊರಿನಲ್ಲಿ ಮಾರುವವರು ಗಲ್ಫಿನಲ್ಲಿರುವುದು ಸಾಮಾನ್ಯವಾದ್ದರಿಂದ ಇದನ್ನು ಮರೆತು ಆಮೇಲೆ ನೋಟೀಸು ಪಡೆದವರುಂಟು. ಕರಾರಿಗೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಕೇರಳದಲ್ಲಿ ಮುದ್ರಾಂಕ ಶುಲ್ಕ ಶೇಕಡಾ 8, ನೋಂದಣಿ ಶುಲ್ಕ ಶೇಕಡಾ 2. ಮನೆಗೆ 30 ಲಕ್ಷವೆಂದು ಇಟ್ಟುಕೊಂಡರೆ 2,40,000 ಮತ್ತು 60,000 ಸೇರಿ 3 ಲಕ್ಷ ರೂಪಾಯಿಯಾಗುತ್ತದೆ, ಆಧಾರ ಬರೆಯುವವರ ಮಜೂರಿ ಬೇರೆ. ನೆಲಕ್ಕೆ ಸರಕಾರ ನಿಗದಿಪಡಿಸಿದ ನ್ಯಾಯಬೆಲೆಗಿಂತ ಕಡಿಮೆ ತೋರಿಸುವಂತಿಲ್ಲ. ಸಹಿಯಾದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಬುದ್ಧಿವಂತರು ಅದೇ ದಿನ ಮಾಡುತ್ತಾರೆ. ಸಹಿಗೆ ಮೊದಲು ಅಂತಿಮ ಕರಡನ್ನು ಗಟ್ಟಿಯಾಗಿ ಓದಿಸಿ ಕೇಳಿ, ನೆಲದ ಪಾಲು, ಕೋಣಿ, ಮಾಡು, ಕಿಣರ್ ನಾಲ್ಕೂ ಬಂದವೇ ಎಂದು ಬೆರಳು ಮಡಿಸಿ ಎಣಿಸಿ.

ಏಳನೆಯ ಹಂತ: ಹೆಸರು ಬದಲಾವಣೆ ಮತ್ತು ಮೊದಲ ದುರಸ್ತಿ

ನೋಂದಣಿಯಾದ ಮೇಲೆ ವಿಲೇಜ್ ಆಫೀಸಿನಲ್ಲಿ ಪೋಕ್ಕುವರವು, ಅಂದರೆ ಖಾತೆ ಬದಲಾವಣೆ, ಮಾಡಿಸಿ ನಿಮ್ಮ ಹೆಸರಿನಲ್ಲಿ ಭೂತೆರಿಗೆ ಕಟ್ಟಿ, ನಗರಸಭೆಯಲ್ಲಿ ಒಡೆತನ ಬದಲಿಸಿ, ಕೆಎಸ್‌ಇಬಿಯ ವಿದ್ಯುತ್ ಮೀಟರು ಮತ್ತು ಜಲ ಪ್ರಾಧಿಕಾರದ ನಳ್ಳಿಯನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಹಳೆಯ ಬಿಲ್ಲುಗಳ ಬಾಕಿ ಇಲ್ಲವೆಂಬ ರಸೀದಿಯನ್ನು ಕೀಲಿಕೈ ಪಡೆಯುವ ದಿನವೇ ಪಡೆಯಿರಿ.

ದುರಸ್ತಿಯಲ್ಲಿ ಮೊದಲ ಹಣ ಮಾಡಿಗೆ, ಎರಡನೆಯದು ವಿದ್ಯುತ್ತಿಗೆ, ಅಡುಗೆಮನೆಯ ಅಲಂಕಾರ ಅದರ ಅನಂತರ. ಮಾಡಿನ ಕೆಲಸವನ್ನು ವಿಷು ಕಳೆದು ಆರಂಭಿಸಿ ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ಮುಗಿಸಬೇಕು. ಆಮೇಲೆ ಮಳೆ ಕಾಯುವುದಿಲ್ಲ. ಹಂಚು ಇಳಿಸುವಾಗ ಗಟ್ಟಿಯಾದ ಹಳೆಯ ಹಂಚುಗಳನ್ನು ಉಜ್ಜಿ ತೊಳೆದು ರಸ್ತೆಗೆ ಕಾಣುವ ಬದಿಗೆ ಹಾಕಿಸಿ, ಹೊಸದಾಗಿ ತಂದವನ್ನು ಹಿಂಬದಿಗೆ ಹಾಕಿಸಿ. ಆಗ ಮನೆಯ ಮುಖ ಕೆಡುವುದಿಲ್ಲ. ಗೋಡೆಯ ಸಿಮೆಂಟು ಗಾರೆ ಟೊಳ್ಳಾಗಿರುವಲ್ಲಿ ಕಿತ್ತು ಸುಣ್ಣದ ಗಾರೆಯನ್ನೇ ಮಾಡಿಸಿ, ಈ ಕೆಲಸ ಬಲ್ಲ ಹಿರಿಯ ಮೇಸ್ತ್ರಿಗಳು ಕುಂಬಳೆ, ಮಂಜೇಶ್ವರದ ಕಡೆ ಹುಡುಕಿದರೆ ಸಿಗುತ್ತಾರೆ. ಕಾವಿಯ ನೆಲದ ಮೇಲೆ ಟೈಲ್ಸು ಹೊದೆಸಬೇಡಿ ಎಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಮರದ ತೊಲೆಗಳ ಮೇಲೆ ನಿಂತ ಉಪ್ಪರಿಗೆಗೆ ಟೈಲ್ಸು ಮತ್ತು ಅದರ ಕೆಳಗಿನ ಸಿಮೆಂಟಿನ ಭಾರವನ್ನು ಹೊರುವುದು ಕಷ್ಟ; ಕಾವಿಯ ನೆಲಕ್ಕಾದರೋ ತೆಂಗಿನೆಣ್ಣೆ ಅದ್ದಿದ ಬಟ್ಟೆಯಿಂದ ವಾರಕ್ಕೊಮ್ಮೆ ಒರೆಸಿದರೆ ಸಾಕು, ಒಂದು ವರ್ಷದಲ್ಲಿ ಅದು ಕಿಟಿಕಿಯ ಸರಳುಗಳ ನೆರಳು ಕಾಣುವಷ್ಟು ಹೊಳೆಯುತ್ತದೆ.

ಮೊದಲ ಮಳೆಗಾಲದಲ್ಲಿ ಸೋರಿದ ಪ್ರತಿ ಜಾಗವನ್ನೂ ಸೀಮೆಸುಣ್ಣದಿಂದ ಗುರುತು ಹಾಕಿ, ತಾರೀಕು ಬರೆದಿಡಿ. ಮುಂದಿನ ಬೇಸಿಗೆಯಲ್ಲಿ ಹಂಚಿನ ಕೆಲಸದವರು ಬಂದಾಗ ಅವರಿಗೆ ತೋರಿಸಬೇಕಾದದ್ದು ಆ ಗುರುತುಗಳನ್ನು.